ಎರಡು ಮನೆಗಳ ನಡುವೆ ಒಂದು ಪರದೆ

ಅಡಿಕೆ ಕೊಯ್ಲಿನ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ರಾತ್ರಿ ಬೇಗ ದೀಪ ಆರುವುದಿಲ್ಲ. ಅಂಗಳದ ಚಪ್ಪರದಡಿ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿರುತ್ತಾರೆ. ಸುಲಿದಷ್ಟೇ ಕೂಲಿ. ಆ ಸಾಲಿನಲ್ಲಿ ಐದಾರು ತಿಂಗಳ ಬಸುರಿಯೊಬ್ಬಳು ಇದ್ದರೆ ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ಒಳಕೋಣೆಯಲ್ಲಿ ಅವಳ ಹಾಸಿಗೆಗೆ ಸೊಳ್ಳೆ ಪರದೆ ಕಟ್ಟಿದ್ದೀತು. ಅವಳು ಎದ್ದು ಹೋಗಿ ಮಲಗುವ ತನಕ ಆ ಪರದೆ ಕಾಯುವುದು ಖಾಲಿ ಹಾಸಿಗೆಯನ್ನು.

ಬಸುರಿಗೆ ಮಲೇರಿಯಾ ತಗಲದಂತೆ ಮಾಡುವುದು ಹೇಗೆ ಎಂದರೆ ಸರಕಾರಿ ಭಿತ್ತಿಪತ್ರದ ಉತ್ತರ ಒಂದೇ ಸಾಲಿನದು: ಪರದೆಯೊಳಗೆ ಮಲಗಿ. ಉತ್ತರ ತಪ್ಪಲ್ಲ. ಆದರೆ ಆ ಒಂದು ಸಾಲಿನ ಹಿಂದೆ ನೂರು ವರ್ಷಗಳ ವಾದವಿದೆ. ನೀರನ್ನು ಸರಿಮಾಡಬೇಕೆಂದವರು, ಗೋಡೆಗೆ ಮದ್ದು ಹೊಡೆಯಬೇಕೆಂದವರು, ಹಾಸಿಗೆಯನ್ನು ಕಾಯಬೇಕೆಂದವರು, ಮಾತ್ರೆ ನುಂಗಿಸಬೇಕೆಂದವರು, ಜ್ವರ ಬಂದ ತಕ್ಷಣ ರಕ್ತ ನೋಡಬೇಕೆಂದವರು, ಇವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಗೆದ್ದಿದ್ದಾರೆ. ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳು ಆ ವಾದವನ್ನು ಸುಮ್ಮನೆ ಕೇಳಿಸಿಕೊಂಡ ಊರುಗಳಲ್ಲ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದೇ ಈ ಉತ್ತರ ಕನ್ನಡ ಜಿಲ್ಲೆಯ ಮಣ್ಣಿನ ಗೋಡೆಗಳ ಮೇಲೆ.

ಈಗ ಇಲ್ಲಿ ಮಲೇರಿಯಾ ಬಹಳ ಕಡಿಮೆ. ಹಾಗಿರುವಾಗ ಈ ಪ್ರಶ್ನೆಯನ್ನು ಎತ್ತುವುದೇಕೆ ಎಂದು ಕೇಳಬಹುದು. ರೋಗ ದೂರವಾದಾಗ ಅದರ ನೆನಪೂ, ಅದನ್ನು ತಡೆಯುವ ಮೈಯ ಶಕ್ತಿಯೂ ಜೊತೆಗೇ ಹೋಗುತ್ತವೆ. ಹೋಗದೆ ಉಳಿಯುವುದು ಹಳ್ಳ, ಒರತೆ, ತೋಟದ ಬಸಿಗಾಲುವೆ, ಮತ್ತು ಅವುಗಳಲ್ಲಿ ಮೊಟ್ಟೆಯಿಡುವ ಸೊಳ್ಳೆ.

ಘಟ್ಟದ ಮೇಲಿನ ಜ್ವರ

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಅಧಿಕಾರಿಗಳಿಗೆ ಈ ಕಾಡಿನ ಸೊಬಗಿಗಿಂತ ಮೊದಲು ಎದುರಾದದ್ದು ಜ್ವರ. ಆಗ ಕಾನಡಾ ಎನಿಸಿಕೊಂಡಿದ್ದ ಈ ಜಿಲ್ಲೆಯ 1883ರಲ್ಲಿ ಅಚ್ಚಾದ ಗೆಜೆಟಿಯರಿನಲ್ಲೂ ಅದರ ಮಾತಿದೆ. ಊರವರು ಅದನ್ನು ಚಳಿಜ್ವರ ಎಂದರು. ಜ್ವರ ತಿರುಗಿ ತಿರುಗಿ ಬಂದು ಮಕ್ಕಳ ಎಡಪಕ್ಕೆಯಡಿ ಗುಲ್ಮ ಊದಿಕೊಂಡರೆ ಅದು ಜ್ವರಗಡ್ಡೆ.

ಜನಗಣತಿಯ ಅಂಕಿ ನೋಡಿದರೆ ಆ ಕಾಲದ ಭಾರ ತಿಳಿಯುತ್ತದೆ. 1901ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 4.54 ಲಕ್ಷ. 1921ರಲ್ಲಿ ಅದು 4.02 ಲಕ್ಷಕ್ಕೆ ಇಳಿದಿತ್ತು. ಇಪ್ಪತ್ತು ವರ್ಷಗಳಲ್ಲಿ ಬೆಳೆಯಬೇಕಿದ್ದ ಜಿಲ್ಲೆ ಕುಗ್ಗಿತು. ಇದನ್ನೆಲ್ಲ ಮಲೇರಿಯಾದ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ. ನಡುವೆ ಪ್ಲೇಗು ಬಂತು, 1918ರ ಇನ್‌ಫ್ಲುಯೆಂಜಾ ಬಂತು. ಆದರೆ ಬಂದು ಹೋಗುವ ಮಾರಿ ಬೇರೆ, ಪ್ರತಿ ವರ್ಷ ಮನೆಯೊಳಗೇ ಬಿಡಾರ ಹೂಡುವ ಜ್ವರ ಬೇರೆ. ಎರಡನೆಯದು ರಕ್ತವನ್ನು ತೆಳುವಾಗಿಸಿ, ಬಸುರನ್ನು ಇಳಿಸಿ, ಹುಟ್ಟಿದ ಕೂಸನ್ನು ಸಣಕಲು ಮಾಡಿ, ಸದ್ದಿಲ್ಲದೆ ಕೊಲ್ಲುತ್ತಿತ್ತು. ಹೆರಿಗೆಗೆ ಮೊದಲೇ ಹೋದ ಬಸುರು ಜನನದ ಪುಸ್ತಕದಲ್ಲೂ ಇಲ್ಲ, ಮರಣದ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಈ ಚರಿತ್ರೆಯ ಬಹು ದೊಡ್ಡ ಭಾಗ ಬರೆದೇ ಇಲ್ಲದ ಚರಿತ್ರೆ.

ಆಗಿನ ವಿವರಣೆಗಳು ಹಲವು. ಕೊಳೆತ ಎಲೆಯ ಹವೆ, ಕಾಡಿನ ನೀರು, ತೋಟದ ತಂಪು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡ ಮೇಲೆ ಹವೆಯ ಮಾತು ಬಿದ್ದುಹೋಯಿತು. ನೀರಿನ ಮಾತು ಮಾತ್ರ ಬೇರೆ ರೂಪದಲ್ಲಿ ನಿಂತಿತು. ಇಲ್ಲಿನ ಮುಖ್ಯ ವಾಹಕವೆಂದು ಗುರುತಾದದ್ದು ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹೆಸರೇ ಹೊಳೆಯದು. ಕೊಳಚೆ ಗುಂಡಿ ಇದಕ್ಕೆ ಬೇಡ. ಮೆಲ್ಲಗೆ ಹರಿಯುವ ತಿಳಿನೀರು, ಅಂಚಿನಲ್ಲಿ ಹುಲ್ಲು, ಇಷ್ಟಿದ್ದರೆ ಸಾಕು. ಕಣಿವೆಯ ತಳದಲ್ಲಿ ಅಡಿಕೆ ತೋಟ, ಪಕ್ಕದಲ್ಲಿ ಸೊಪ್ಪಿನ ಬೆಟ್ಟ, ನಡುವೆ ವರ್ಷವಿಡೀ ಒಸರುವ ಒರತೆ: ನಮ್ಮ ಬದುಕಿಗೆ ಬೇಕಾದುದೆಲ್ಲ ಅದರ ಬದುಕಿಗೂ ಬೇಕು. ಜೋರು ಮಳೆಯಲ್ಲಿ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ನಿಂತು ಹಳ್ಳ ತಿಳಿಯಾದಾಗ, ಅಂದರೆ ಕೊಯ್ಲು ಶುರುವಾಗುವ ಹೊತ್ತಿಗೆ ಸರಿಯಾಗಿ, ಸೊಳ್ಳೆ ಏಳುತ್ತದೆ.

ನೀರನ್ನೇ ಸರಿಮಾಡಬೇಕೆಂಬ ಪಂಥ ಇಲ್ಲಿ ಸೋತದ್ದು ಇದಕ್ಕೇ. ಮಲಯದ ರಬ್ಬರ್ ತೋಟಗಳಲ್ಲಿ, ಪಟ್ಟಣಗಳ ಬಾವಿ ತೊಟ್ಟಿಗಳಲ್ಲಿ ಅದು ಚೆನ್ನಾಗಿ ನಡೆಯಿತು. ಕರ್ನಾಟಕದಲ್ಲೇ ಕೋಲಾರದ ಹಳ್ಳಿಗಳಲ್ಲಿ ಬಾವಿ, ಕೆರೆ, ಕುಂಟೆಗಳಿಗೆ ಗಪ್ಪಿ, ಗಂಬೂಸಿಯ ಮೀನು ಬಿಟ್ಟು ಸೊಳ್ಳೆಮರಿಗಳನ್ನು ತಿನ್ನಿಸಿದ ಕೆಲಸ ಹೆಸರಾಯಿತು. ಆದರೆ ಬೇಡ್ತಿ, ಅಘನಾಶಿನಿಗಳಿಗೆ ಇಳಿಯುವ ಲೆಕ್ಕವಿಲ್ಲದ ಒರತೆಗಳಿಗೆ ಎಷ್ಟು ಮೀನು ಬಿಡುವುದು, ಯಾವುದನ್ನು ಮುಚ್ಚುವುದು?

ಗೋಡೆಯ ಪಂಥ

1940ರ ದಶಕದಲ್ಲಿ ಮುಂಬಯಿ ಪ್ರಾಂತ್ಯದ ಮಲೇರಿಯಾ ಕೆಲಸದ ಮುಂದಾಳಾಗಿದ್ದವರು ಡಾ. ಡಿ.ಕೆ. ವಿಶ್ವನಾಥನ್. ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿಗೆ ಡಿಡಿಟಿ ಕೈಗೆ ಸಿಕ್ಕಿತು. ಅದನ್ನು ಹಳ್ಳಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಕಾನಡಾ ಮತ್ತು ಧಾರವಾಡ ಜಿಲ್ಲೆಗಳನ್ನು. ತರ್ಕ ಸರಳವಾಗಿತ್ತು. ಫ್ಲೂವಿಯಾಟಿಲಿಸ್ ಮನುಷ್ಯನ ರಕ್ತ ಕುಡಿದ ಮೇಲೆ ಭಾರವಾಗಿ ಅದೇ ಮನೆಯ ಗೋಡೆಯ ಮೇಲೆ ಕೂರುತ್ತದೆ. ಗೋಡೆಗೆ ಮದ್ದು ಹೊಡೆದಿದ್ದರೆ ಅದು ಇನ್ನೊಬ್ಬರನ್ನು ಕಚ್ಚುವಷ್ಟು ದಿನ ಬದುಕುವುದಿಲ್ಲ. ಹಳ್ಳವನ್ನು ಮುಟ್ಟಬೇಕಾಗಿಲ್ಲ.

ಎರಡೂ ಜಿಲ್ಲೆಗಳ ಜನಸಂಖ್ಯೆ ಮತ್ತು ಜನನ-ಮರಣದ ಲೆಕ್ಕವನ್ನು ಪ್ರಾಂತ್ಯದ ಉಳಿದ ಭಾಗದೊಡನೆ ಹೋಲಿಸಿ ವಿಶ್ವನಾಥನ್ 1949ರಲ್ಲಿ ಪ್ರಬಂಧ ಪ್ರಕಟಿಸಿದರು. ಈ ಕೆಲಸದ ಅನುಭವದ ಮೇಲೆಯೇ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ನಿಂತಿತು. ಆಗ ದೇಶದಲ್ಲಿ ವರ್ಷಕ್ಕೆ ಅಂದಾಜು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು. 1958ರಲ್ಲಿ ಕಾರ್ಯಕ್ರಮದ ಹೆಸರಿನಲ್ಲಿ ನಿಯಂತ್ರಣ ಹೋಗಿ ನಿರ್ಮೂಲನ ಬಂತು. 1961ರ ಹೊತ್ತಿಗೆ ವರದಿಯಾದ ಪ್ರಕರಣಗಳು ಸುಮಾರು 50 ಸಾವಿರಕ್ಕೆ ಇಳಿದವು. ಅದೇ ವರ್ಷದ ಗಣತಿಯಲ್ಲಿ ಉತ್ತರ ಕನ್ನಡದ ಜನ ಸುಮಾರು 6.9 ಲಕ್ಷ. ಕೆಲಸ ಹುಡುಕಿ ಬಂದವರೂ ಅದರಲ್ಲಿ ಸೇರಿದ್ದಾರೆ, ನಿಜ. ಆದರೂ ಕುಗ್ಗುತ್ತಿದ್ದ ಜಿಲ್ಲೆ ಬೆಳೆಯತೊಡಗಿತ್ತು.

ಬಸುರಿಯ ಕಡೆಯಿಂದ ನೋಡಿದರೆ ಈ ಪಂಥದ ಒಂದು ಗುಣವನ್ನು ನಾವು ಸಾಕಷ್ಟು ಗಮನಿಸಿಲ್ಲ ಅನಿಸುತ್ತದೆ. ಗೋಡೆಯ ಮದ್ದು ಅವಳಿಂದ ಏನನ್ನೂ ಕೇಳುತ್ತಿರಲಿಲ್ಲ. ಅವಳು ಯಾವಾಗ ಮಲಗುತ್ತಾಳೆ, ಎಲ್ಲಿ ಮಲಗುತ್ತಾಳೆ, ಮನೆಯಲ್ಲಿ ಅವಳ ಮಾತಿಗೆ ಎಷ್ಟು ಬೆಲೆ ಎಂಬುದು ಮುಖ್ಯವಾಗಿರಲಿಲ್ಲ. ತಾನು ಬಸುರಿ ಎಂದು ಅವಳಿಗೇ ತಿಳಿಯುವ ಮೊದಲೂ ಅದು ಕೆಲಸ ಮಾಡುತ್ತಿತ್ತು. ಆಮೇಲೆ ಬಂದ ಯಾವ ಉಪಾಯಕ್ಕೂ ಈ ಗುಣ ಪೂರ್ತಿಯಾಗಿ ಇಲ್ಲ.

ದೋಷಗಳೂ ಬೇಗ ಕಂಡವು. ಸೊಳ್ಳೆಗಳು ಡಿಡಿಟಿಗೆ ಒಗ್ಗಿದವು. ಹೊಸದಾಗಿ ಸಾರಿಸಿದ ಗೋಡೆಯಡಿ ಮದ್ದು ಮುಚ್ಚಿಹೋಗುತ್ತಿತ್ತು. ಗೆದ್ದೆವೆಂಬ ಭಾವದಲ್ಲಿ ಕಾವಲು ಸಡಿಲವಾಯಿತು. 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. 1977ರಲ್ಲಿ ಕಾರ್ಯಕ್ರಮವನ್ನೇ ತಿದ್ದಿ ಬರೆಯಬೇಕಾಯಿತು. ನಿರ್ಮೂಲನದ ಅಂಚಿಗೆ ಬಂದು ಜಾರಿದ ಆ ಹದಿನೈದು ವರ್ಷಗಳನ್ನು ಮಲೇರಿಯಾ ಮುಗಿಯಿತು ಎಂದು ಮಾತಾಡುವ ಪ್ರತಿಯೊಬ್ಬರೂ ಓದಬೇಕು.

ಬಸುರಿಯನ್ನೇ ಏಕೆ ಹಿಡಿಯುತ್ತದೆ

ದೊಡ್ಡವರಾಗುವಷ್ಟರಲ್ಲಿ ಹಲವು ಬಾರಿ ಮಲೇರಿಯಾ ಬಂದುಹೋದ ಹೆಂಗಸಿಗೂ ಬಸುರಾದಾಗ ಅದು ಮತ್ತೆ ಏಕೆ ಬಲವಾಗಿ ಹಿಡಿಯುತ್ತದೆ ಎಂಬುದು ವೈದ್ಯರನ್ನು ಬಹುಕಾಲ ಕಾಡಿದ ಒಗಟು. ಬಸುರಿನಲ್ಲಿ ಮೈಯ ರಕ್ಷಣಾಶಕ್ತಿ ಇಳಿಯುತ್ತದೆ ಎನ್ನುವುದು ಹಳೆಯ ವಿವರಣೆ. ಹಾಗಾದರೆ ಮೊದಲ ಬಸುರಿನಲ್ಲಿ ಹೆಚ್ಚು, ಮೂರನೆಯದರಲ್ಲಿ ಕಡಿಮೆ ಏಕೆ? ಅದಕ್ಕೆ ಈ ವಿವರಣೆಯಲ್ಲಿ ಉತ್ತರವಿರಲಿಲ್ಲ.

1996ರಲ್ಲಿ ವಿಜ್ಞಾನಿಗಳಾದ ಮಿಖಲ್ ಫ್ರೈಡ್ ಮತ್ತು ಪ್ಯಾಟ್ರಿಕ್ ಡಫಿ ಅದಕ್ಕೆ ಉತ್ತರ ತೋರಿಸಿದರು. ಮಲೇರಿಯಾದ ಒಂದು ಬಗೆಯಾದ ಫಾಲ್ಸಿಪಾರಮ್ ರೋಗಾಣು ಹೊಕ್ಕ ಕೆಂಪು ರಕ್ತಕಣಗಳು ಮಾಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ವಸ್ತುವಿಗೆ ಅಂಟಿಕೊಳ್ಳುತ್ತವೆ. ಮಾಸು ಬಸುರಿನಲ್ಲಿ ಮಾತ್ರ ಬೆಳೆಯುವ ಅಂಗ. ರೋಗಾಣುವಿಗೆ ಅದು ಅಲ್ಲಿಯವರೆಗೆ ಇಲ್ಲದ ಹೊಸ ಮನೆ, ಮೈಗೆ ಪರಿಚಯವಿಲ್ಲದ ಹೊಸ ವೇಷ. ಒಂದೆರಡು ಬಸುರು ಕಳೆದ ಹೆಂಗಸಿನ ಮೈ ಆ ವೇಷವನ್ನು ಗುರುತು ಹಿಡಿಯುವಷ್ಟು ಕಲಿತಿರುತ್ತದೆ. ಚೊಚ್ಚಲ ಬಸುರಿಗೆ ಆ ಪಾಠ ಆಗಿರುವುದಿಲ್ಲ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಏನೂ ಕಾಣದಿದ್ದರೂ ಮಾಸಿನಲ್ಲಿ ರೋಗಾಣು ಗುಂಪುಗೂಡಿರಬಹುದು. ತಾಯಿಗೆ ರಕ್ತಹೀನತೆ, ಹೊಟ್ಟೆಯ ಕೂಸಿಗೆ ಆಹಾರದ ಕೊರತೆ.

ಆದರೆ ಈ ಚಿತ್ರ ಮಲೇರಿಯಾ ಸದಾ ತುಂಬಿರುವ ಆಫ್ರಿಕಾದ ಹಳ್ಳಿಗಳದು. ರೋಗ ವಿರಳವಾದ ಕಡೆ ಕತೆ ಬೇರೆ. ಅಲ್ಲಿ ಯಾರ ಮೈಗೂ ಪಾಠವಾಗಿರುವುದಿಲ್ಲ. ಚೊಚ್ಚಲು, ಎರಡನೆಯದು, ನಾಲ್ಕನೆಯದು ಎಂಬ ಭೇದವಿಲ್ಲದೆ ಎಲ್ಲ ಬಸುರಿಯರಿಗೂ ಜ್ವರ ಜೋರಾಗಿ ಬರುತ್ತದೆ, ತಾಯಿಯ ಜೀವಕ್ಕೇ ಕುತ್ತಾಗುತ್ತದೆ. 1934-35ರಲ್ಲಿ ಸಿಂಹಳದಲ್ಲಿ ಮಲೇರಿಯಾ ಹಠಾತ್ತಾಗಿ ಎದ್ದಾಗ ಕೊಲಂಬೊದ ಹೆರಿಗೆ ಆಸ್ಪತ್ರೆಯ ವಿಕ್ರಮಸೂರಿಯ ಬರೆದಿಟ್ಟದ್ದು ಇದೇ ದುರಂತವನ್ನು. ಮಧ್ಯಭಾರತದಲ್ಲಿ ಜಬಲ್ಪುರದ ನೀರೂ ಸಿಂಗ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ್ಯ ಮಾತು ಹೇಳಿತು: ಸೌಮ್ಯವೆಂದು ನಾವು ತಿಳಿದ ವೈವಾಕ್ಸ್ ಮಲೇರಿಯಾ ಕೂಡ ಬಸುರಿಯ ರಕ್ತವನ್ನೂ ಕೂಸಿನ ತೂಕವನ್ನೂ ಇಳಿಸುತ್ತದೆ. ಕರ್ನಾಟಕದಲ್ಲಿ ಉಳಿದಿರುವ ಮಲೇರಿಯಾದಲ್ಲಿ ವೈವಾಕ್ಸೇ ಹೆಚ್ಚು ಎಂಬುದರಿಂದ ಈ ಮಾತು ನಮಗೆ ನೇರವಾಗಿ ಸಂಬಂಧಿಸಿದ್ದು. ಶಿರಸಿಯ ಇಂದಿನ ಬಸುರಿ ಆಫ್ರಿಕಾದ ಚಿತ್ರಕ್ಕಿಂತ ಸಿಂಹಳದ ಚಿತ್ರಕ್ಕೇ ಹತ್ತಿರ. ಅವಳ ಅಜ್ಜಿಯ ಮೈಗಿದ್ದ ಅಭ್ಯಾಸ ಅವಳಿಗಿಲ್ಲ.

ಸೊಳ್ಳೆಯೂ ಬಸುರಿಯನ್ನೇ ಹೆಚ್ಚು ಹುಡುಕುತ್ತದೆ. ಸ್ಟೀವ್ ಲಿಂಡ್ಸೆ ಮತ್ತು ಸಂಗಡಿಗರು ಗ್ಯಾಂಬಿಯಾದಲ್ಲಿ ಮಾಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಸುರಿಯರ ಕಡೆಗೆ ಬಂದ ಮಲೇರಿಯಾ ಸೊಳ್ಳೆಗಳು ಉಳಿದ ಹೆಂಗಸರ ಕಡೆಗೆ ಬಂದವುಗಳ ಎರಡರಷ್ಟು. ದಿನ ತುಂಬುತ್ತಾ ಬಂದಂತೆ ಉಸಿರು ಹೆಚ್ಚು, ಹೊಟ್ಟೆಯ ಮೇಲಿನ ಬಿಸಿಯೂ ಹೆಚ್ಚು; ಇವೆರಡೂ ಸೊಳ್ಳೆಗೆ ದಾರಿ ತೋರಿಸುತ್ತವೆ. ಅದೇ ಅಧ್ಯಯನದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತಿದೆ. ಬಸುರಿಯರು ರಾತ್ರಿ ಮೂತ್ರಕ್ಕೆಂದು ಪರದೆಯಿಂದ ಹೊರಬರುವುದೂ ಎರಡು ಪಟ್ಟು. ನಮ್ಮ ಹಳ್ಳಿಗಳಲ್ಲಿ ಬಚ್ಚಲು, ಪಾಯಿಖಾನೆ ಮನೆಯಿಂದ ಹೊರಗೆ, ಕೊಟ್ಟಿಗೆಯ ಆಚೆ ಇರುವ ಮನೆಗಳು ಇನ್ನೂ ಇವೆ.

ಹಾಸಿಗೆಯ ಪಂಥ

ಪರದೆ ನಮ್ಮಲ್ಲಿ ಹೊಸ ವಸ್ತುವಲ್ಲ. ಉಳ್ಳವರ ಮನೆಯ ಮಂಚಕ್ಕೆ ಬಟ್ಟೆಯ ಪರದೆ, ಕೂಸಿನ ತೊಟ್ಟಿಲಿಗೆ ಸಣ್ಣ ಪರದೆ ಮೊದಲಿನಿಂದ ಇತ್ತು. ಉಳಿದವರಿಗೆ ಕಂಬಳಿ ಮತ್ತು ಹೊಗೆ. ಲಕ್ಕಿ ಸೊಪ್ಪು, ಬೇವಿನ ಸೊಪ್ಪು, ಬಾಣಂತಿ ಕೋಣೆಯಲ್ಲಿ ಲೋಬಾನ. ಹೊಗೆ ಇದ್ದಷ್ಟು ಹೊತ್ತು ಸೊಳ್ಳೆ ದೂರ. ಆದರೆ ಅದೇ ಹೊಗೆ ಬಸುರಿಯ ಎದೆಗೂ ಹೋಗುತ್ತದೆ.

ಹಾಸಿಗೆಯ ಪಂಥ ವಿಜ್ಞಾನವಾದದ್ದು ಪರದೆಗೆ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೇರಿದ ಮೇಲೆ. ಬರಿಯ ಪರದೆ ತಡೆ ಮಾತ್ರ; ತೂತು ಬಿದ್ದರೆ, ಮೊಣಕೈ ಪರದೆಗೆ ತಾಗಿದರೆ ಮುಗಿಯಿತು. ಮದ್ದಿನ ಪರದೆಯ ಮೇಲೆ ಕೂತ ಸೊಳ್ಳೆ ಸಾಯುತ್ತದೆ. ಬಹಳ ಮನೆಗಳಲ್ಲಿ ಕಟ್ಟಿದರೆ ಪರದೆಯಿಲ್ಲದ ನೆರೆಮನೆಗೂ ರಕ್ಷಣೆ. 1990ರ ದಶಕದಲ್ಲಿ ಥಾಯ್ಲೆಂಡ್-ಬರ್ಮಾ ಗಡಿಯಲ್ಲಿ, ಗ್ಯಾಂಬಿಯಾದಲ್ಲಿ, ಕೀನ್ಯಾದಲ್ಲಿ ಬಸುರಿಯರ ಮೇಲೆ ಇದರ ಪರೀಕ್ಷೆ ನಡೆಯಿತು. ಇಂಥ ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ 2006ರ ಕಾಕ್ರೇನ್ ಸಮೀಕ್ಷೆ ಕೊಟ್ಟ ಲೆಕ್ಕ ಇಂದಿಗೂ ಈ ಪಂಥದ ಬೆನ್ನೆಲುಬು. ಆಫ್ರಿಕಾದ ಪರೀಕ್ಷೆಗಳಲ್ಲಿ ಮದ್ದಿನ ಪರದೆ ಬಳಸಿದವರಲ್ಲಿ ಮಾಸಿನ ಮಲೇರಿಯಾ ಸುಮಾರು ಐದನೆಯ ಒಂದು ಭಾಗ ಕಡಿಮೆ. ಕಡಿಮೆ ತೂಕದ ಕೂಸುಗಳು ಕಾಲುಭಾಗದಷ್ಟು ಕಡಿಮೆ. ಮೊದಲ ನಾಲ್ಕು ಬಸುರುಗಳಲ್ಲಿ ಗರ್ಭ ಹೋಗುವುದು, ಹುಟ್ಟುವಾಗಲೇ ಸತ್ತಿರುವುದು ಮೂರನೆಯ ಒಂದು ಭಾಗ ಕಡಿಮೆ.

ಮೂರು ಬಸುರು ಹೋಗುವ ಕಡೆ ಒಂದು ಉಳಿಯುತ್ತದೆ ಎನ್ನುವುದು ಸಣ್ಣ ಮಾತಲ್ಲ. ಮದ್ದು ಬಸುರಿಗೆ, ಕೂಸಿಗೆ ಹಾನಿ ಮಾಡೀತೆಂಬ ಅಂಜಿಕೆ ಹಳ್ಳಿಗಳಲ್ಲಿದೆ. ಪರದೆಗೆ ಬಳಸುವ ಪ್ರಮಾಣದಲ್ಲಿ ಅದು ಸುರಕ್ಷಿತವೆಂದೇ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ತೊಳೆದಾಗಲೆಲ್ಲ ಮತ್ತೆ ಮದ್ದಿನಲ್ಲಿ ಅದ್ದಬೇಕಿದ್ದ ತೊಡಕನ್ನು ದೀರ್ಘಬಾಳಿಕೆಯ ಪರದೆ ತಪ್ಪಿಸಿತು. ಭಾರತದ ಕಾರ್ಯಕ್ರಮ 2009ರಿಂದ ಇದನ್ನು ಹಂಚತೊಡಗಿತು. ಸುಮಾರು 20 ಬಾರಿ ತೊಳೆಯುವವರೆಗೆ ಅಥವಾ ಮೂರು ವರ್ಷದವರೆಗೆ ಮದ್ದು ನಿಲ್ಲುತ್ತದೆ ಎಂಬುದು ಅಂದಾಜು, ಅದೂ ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ. ಬಟ್ಟೆಯನ್ನು ಕಲ್ಲಿಗೆ ಕುಕ್ಕಿ ಒಗೆದು ಬಿಸಿಲಿಗೆ ಹರವುವ ನಮ್ಮ ರೂಢಿಗೆ ಈ ಅಂದಾಜು ಹೊಂದುವುದಿಲ್ಲ. ಮಳೆಗಾಲದಲ್ಲಂತೂ ತೊಳೆದ ಪರದೆ ಒಣಗುವುದೇ ಇಲ್ಲ. ಬೂಸಲು ವಾಸನೆ ಹತ್ತಿ ಅಟ್ಟ ಸೇರುತ್ತದೆ.

ಈ ಪಂಥದ ದೊಡ್ಡ ಆಧಾರವೆಲ್ಲ ಆಫ್ರಿಕಾದ್ದು, ಅಲ್ಲಿನ ಸೊಳ್ಳೆ ನಡುರಾತ್ರಿ ಮನೆಯೊಳಗೆ ಕಚ್ಚುವಂಥದ್ದು. ಮುಸ್ಸಂಜೆಗೇ ಕಚ್ಚಲು ಹೊರಡುವ ಸೊಳ್ಳೆಯಿರುವ ಕಡೆ, ಹೊರಗೆ ಕೂತು ದುಡಿಯುವ ಬಸುರಿಯಿರುವ ಕಡೆ ಅದೇ ಫಲ ಬಂದೀತೇ ಎಂಬ ಪ್ರಶ್ನೆ ಹಾಗೇ ಇದೆ. ಪರದೆ ಬೇಡವೆಂದು ಇದರ ಅರ್ಥವಲ್ಲ. ಪರದೆಯ ಬಲ ಅದರೊಳಗೆ ಕಳೆದ ಗಂಟೆಗಳಷ್ಟೇ.

ಮಾತ್ರೆಯ ಪಂಥ

ಇದು ಹಳೆಯ ಪಂಥ, ಹಳೆಯ ಭಯದ ಜೊತೆಗೆ ಬಂದದ್ದು. ಕ್ವಿನೈನ್ ತಿಂದರೆ ಬಸುರು ಇಳಿಯುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿತ್ತೆಂದರೆ ಜ್ವರದಿಂದ ಬಸುರು ಹೋದಾಗಲೂ ಅಪವಾದ ಮದ್ದಿಗೇ ಬರುತ್ತಿತ್ತು. ಅತಿಯಾದರೆ ಅಪಾಯ ನಿಜ. ಚಿಕಿತ್ಸೆಯ ಪ್ರಮಾಣದಲ್ಲಿ ಮೊದಲ ಮೂರು ತಿಂಗಳಿಗೂ ಬಹುಕಾಲ ಅದೇ ಮದ್ದಾಗಿತ್ತು. ಅದರ ನಂತರದ ತಿಂಗಳುಗಳಿಗೆ ಆರ್ಟೆಮಿಸಿನಿನ್ ಜೋಡಿ ಮದ್ದು ಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರ್ಟಿಮೆಥರ್-ಲುಮೆಫ್ಯಾಂಟ್ರಿನ್ ಜೋಡಿಯನ್ನು ಮೊದಲ ಮೂರು ತಿಂಗಳಲ್ಲೂ ಕೊಡಬಹುದೆಂದಿತು.

ಜ್ವರ ಬರುವ ಮುನ್ನವೇ ಮಾತ್ರೆ ಕೊಡುವುದು ಬೇರೆ ವಿಚಾರ. ಆಫ್ರಿಕಾದಲ್ಲಿ ನಾಲ್ಕನೆಯ ತಿಂಗಳಿನಿಂದ, ಪ್ರತಿ ಸಲ ತಪಾಸಣೆಗೆ ಬಂದಾಗಲೂ, ಕನಿಷ್ಠ ತಿಂಗಳ ಅಂತರದಲ್ಲಿ, ರೋಗ ಇರಲಿ ಇಲ್ಲದಿರಲಿ ಸಲ್ಫಡಾಕ್ಸಿನ್-ಪೈರಿಮೆಥಮಿನ್ ಕೊಡುತ್ತಾರೆ. ಭಾರತ ಈ ದಾರಿ ಹಿಡಿಯಲಿಲ್ಲ. ಒಮ್ಮೆ ಹೆಚ್ಚು ಅಪಾಯದ ಪ್ರದೇಶಗಳ ಬಸುರಿಯರಿಗೆ ವಾರಕ್ಕೊಮ್ಮೆ ಕ್ಲೋರೊಕ್ವಿನ್ ಎಂದಿತ್ತು. ಆಮೇಲೆ ಅದನ್ನೂ ಬಿಟ್ಟು, ಬಸುರಿಯರು ಮದ್ದಿನ ಪರದೆಯಂಥ ಸ್ವರಕ್ಷಣೆಯನ್ನು ಬಳಸಲಿ ಎಂಬುದಕ್ಕೆ ಮಾರ್ಗಸೂಚಿ ಬಂದು ನಿಂತಿತು. ನೂರು ಬಸುರಿಯರಲ್ಲಿ ಒಬ್ಬಳಿಗೂ ರೋಗವಿಲ್ಲದ ಊರಿನಲ್ಲಿ ನೂರು ಜನಕ್ಕೆ ಮಾತ್ರೆ ನುಂಗಿಸುವುದು ಸರಿಯಲ್ಲ ಎನ್ನುವ ವಾದ ನನಗೂ ಒಪ್ಪಿಗೆ. ಆದರೆ ಆ ನಿರ್ಧಾರದಿಂದ ಭಾರವೆಲ್ಲ ಪರದೆಯ ಮೇಲೆ, ಅಂದರೆ ಬಸುರಿಯ ಮೇಲೆಯೇ ಬಿತ್ತು ಎಂಬುದನ್ನು ಮರೆಯಬಾರದು.

ವೈವಾಕ್ಸ್ ವಿಷಯದಲ್ಲಿ ಮಾತ್ರೆಯ ಪಂಥ ಕೈಕಟ್ಟಿ ನಿಲ್ಲುತ್ತದೆ. ಈ ರೋಗಾಣು ಯಕೃತ್ತಿನಲ್ಲಿ ಅಡಗಿ ಮಲಗಿ, ತಿಂಗಳುಗಳ ಮೇಲೆ ಎದ್ದು ಬರುತ್ತದೆ. ಅದನ್ನು ಬೇರುಸಹಿತ ಕೀಳುವ ಪ್ರೈಮಾಕ್ವಿನ್ ಬಸುರಿಯರಿಗೆ ನಿಷಿದ್ಧ. ಹಾಗಾಗಿ ಒಂದು ಸಲ ವೈವಾಕ್ಸ್ ಬಂದ ಬಸುರಿಗೆ ಹೊಸ ಸೊಳ್ಳೆ ಕಚ್ಚದಿದ್ದರೂ, ಎಷ್ಟು ಒಳ್ಳೆಯ ಪರದೆಯೊಳಗೆ ಮಲಗಿದರೂ, ಜ್ವರ ಮರಳಬಹುದು.

ಕಾವಲಿನ ಪಂಥ

2016ರಲ್ಲಿ ಭಾರತ 2030ರೊಳಗೆ ಮಲೇರಿಯಾ ನಿರ್ಮೂಲನದ ಚೌಕಟ್ಟನ್ನು ಹೊರಡಿಸಿತು. ರೋಗ ಕಡಿಮೆಯಾದ ಜಿಲ್ಲೆಗಳಲ್ಲಿ ಮುಖ್ಯ ಅಸ್ತ್ರ ಕಾವಲು: ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಜ್ವರ ಕೇಳುವುದು, ರಕ್ತಲೇಪನ ತೆಗೆಯುವುದು ಅಥವಾ ಪರೀಕ್ಷಾ ಪಟ್ಟಿಯಲ್ಲಿ ರಕ್ತ ನೋಡುವುದು, ಸಿಕ್ಕರೆ ತಕ್ಷಣ ಮದ್ದು.

ಬಸುರಿಯರನ್ನೆಲ್ಲ ತಪಾಸಣೆಗೆ ಬಂದಾಗ, ಜ್ವರವಿಲ್ಲದಿದ್ದರೂ ಪರೀಕ್ಷಿಸಿದರೆ ಹೇಗೆ? ಜಾರ್ಖಂಡದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾಗೆ ಮಾಡಿದ ಕಡೆ ಮಲೇರಿಯಾ ಹೆಚ್ಚು ಪತ್ತೆಯಾಯಿತು. ಆದರೆ ಹೆರಿಗೆಯ ಹೊತ್ತಿಗೆ ಮಾಸಿನ ಮಲೇರಿಯಾ ಕಡಿಮೆಯಾಗಿರಲಿಲ್ಲ. ಜ್ವರ ಬಂದಾಗ ಬೇಗ ನೋಡುವುದಕ್ಕಿಂತ ಅದು ಮೇಲು ಎಂದು ಹೇಳಲಾಗಲಿಲ್ಲ.

ಹಾಗಾದರೆ ಜ್ವರವನ್ನೇ ನೋಡಬೇಕು. ಈ ಮೂರು ತಾಲ್ಲೂಕುಗಳಲ್ಲಿ ಅದು ಸುಲಭವಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 2024ರ ಆರಂಭದಲ್ಲಿ ಸಿದ್ದಾಪುರವನ್ನು ನಡುಗಿಸಿತು. ಅದನ್ನು ತರುವುದು ಉಣ್ಣೆ. ಕಾಲ ಚಳಿಯಿಂದ ಬೇಸಿಗೆಯವರೆಗೆ. ಗದ್ದೆ ತೋಟದ ಕೆಸರಿನಲ್ಲಿ ಇಲಿಜ್ವರ. ಪೇಟೆಯಲ್ಲಿ ಹಗಲು ಕಚ್ಚುವ ಸೊಳ್ಳೆಯ ಡೆಂಗಿ. ಈಗ ಇಲ್ಲಿ ಬಸುರಿಗೆ ಜ್ವರ ಬಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಹೆಸರು ಮಲೇರಿಯಾ ಅಲ್ಲ. ಹಳಬರ ಚಳಿಜ್ವರ ಹೊಸಬರ ನೆನಪಿನ ಪಟ್ಟಿಯ ಕೊನೆಗೆ ಹೋಗಿದೆ. ವಿರಳವಾದ ರೋಗವನ್ನು ಕೊನೆಗೆ ನೆನೆಯುವುದು ಸಹಜ. ಆದರೆ ರಕ್ಷಣೆಯಿಲ್ಲದ ಮೈಯಲ್ಲಿ ಫಾಲ್ಸಿಪಾರಮ್ ಎರಡು-ಮೂರು ದಿನದ ತಡವನ್ನೂ ಕ್ಷಮಿಸುವುದಿಲ್ಲ.

ತವರಿಗೆ ಹೊರಟ ಬಸುರಿ

ಈ ಎಲ್ಲ ಪಂಥಗಳಲ್ಲೂ ಬಸುರಿ ಒಂದು ಮನೆಯಲ್ಲಿ ಇರುತ್ತಾಳೆ. ಗೋಡೆಗೆ ಮದ್ದು ಹೊಡೆಯುವುದು ಮನೆಲೆಕ್ಕ, ಪರದೆ ಹಂಚುವುದು ಮನೆಲೆಕ್ಕ, ಆಶಾ ಕಾರ್ಯಕರ್ತೆಯ ಪುಸ್ತಕವೂ ಮನೆಲೆಕ್ಕ. ನಮ್ಮ ಚೊಚ್ಚಲ ಬಸುರಿಗೆ ಎರಡು ಮನೆ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಹೊರಡುತ್ತಾಳೆ. ಯಲ್ಲಾಪುರದ ಕಾಡಂಚಿನ ಹಳ್ಳಿಯಿಂದ ಶಿರಸಿಯ ಪೂರ್ವದ ಬಯಲಿಗೆ, ಸಿದ್ದಾಪುರದಿಂದ ಘಟ್ಟದ ಕೆಳಗಿನ ಕುಮಟಾ, ಹೊನ್ನಾವರಕ್ಕೆ, ಅಥವಾ ಮಂಗಳೂರಿನಂಥ ಪಟ್ಟಣದಲ್ಲಿ ದುಡಿಯುವ ಗಂಡನ ಬಾಡಿಗೆ ಮನೆಯಿಂದ ಊರಿಗೆ. ಈ ಕೊನೆಯ ದಾರಿಯನ್ನು ಬೇರೆಯಾಗಿಯೇ ಗಮನಿಸಬೇಕು, ಏಕೆಂದರೆ ದಶಕಗಳಿಂದ ರಾಜ್ಯದ ಮಲೇರಿಯಾದ ದೊಡ್ಡ ಪಾಲು ದಕ್ಷಿಣ ಕನ್ನಡದ್ದು. ತಾಯಿ ಕಾರ್ಡ್ ಅವಳ ಚೀಲದಲ್ಲಿ ಬರುತ್ತದೆ. ಪರದೆ ಬರುವುದಿಲ್ಲ; ಅದು ಅತ್ತೆಮನೆಯ ಹೆಸರಿಗೆ ಬಂದದ್ದು. ಹಿಂದಿನ ತಿಂಗಳ ಜ್ವರದ ಕತೆಯೂ ಎಷ್ಟೋ ಸಲ ಬರುವುದಿಲ್ಲ, ತವರಿನಲ್ಲಿ ಅದನ್ನು ಹೇಳಿದರೆ ಅತ್ತೆಮನೆಯ ಮೇಲೆ ದೂರು ಹೇಳಿದಂತಾಗುತ್ತದೆ ಎಂದು.

ಮೈಗೆ ಯಾವ ಪಾಠವೂ ಆಗಿರದ ಚೊಚ್ಚಲ ಬಸುರಿಯೇ, ಸೊಳ್ಳೆ ಅತಿ ಹೆಚ್ಚು ಹುಡುಕುವ ದಿನ ತುಂಬುವ ತಿಂಗಳುಗಳಲ್ಲೇ, ಒಂದು ಪಟ್ಟಿಯಿಂದ ಬಿಟ್ಟುಹೋಗಿ ಇನ್ನೊಂದಕ್ಕೆ ಸೇರದೆ ನಡುವೆ ಇರುತ್ತಾಳೆ. ಪರದೆಯನ್ನು ಮನೆಗೆ ಕೊಡುವ ಬದಲು ಬಸುರಿಯ ಕೈಗೆ ಕೊಟ್ಟು, ಸೀಮಂತದ ಸೀರೆಯ ಜೊತೆ ಅದೂ ತವರಿಗೆ ಹೋಗುವಂತೆ ಮಾಡುವುದು ಕಷ್ಟದ ಕೆಲಸವಲ್ಲ.

ಮನೆಯೊಳಗೂ ಪರದೆ ಯಾರ ಹಾಸಿಗೆಯ ಮೇಲಿದೆ ಎಂದು ಕೇಳಬೇಕು. ಮನೆಯಲ್ಲಿ ಒಂದೇ ಇದ್ದರೆ ಅದು ಮುದುಕರಿಗೋ ಸಣ್ಣ ಮಕ್ಕಳಿಗೋ ಹೋಗುತ್ತದೆ. ಬಸುರಿ ತಾನಾಗಿ ಕೇಳುವುದಿಲ್ಲ. ಕೂಲಿಗೆ ಬಂದು ಬಿಡಾರದಲ್ಲಿ ಉಳಿದವರಿಗೆ ಪರದೆ ಕಟ್ಟಲು ಗೋಡೆಯ ಮೊಳೆಯೇ ಇರುವುದಿಲ್ಲ. ಯಲ್ಲಾಪುರದ ಕಾಡಂಚಿನ ಸಿದ್ದಿ, ಕುಣಬಿ, ಗೌಳಿ ಕೇರಿಗಳಿಂದ ಆಸ್ಪತ್ರೆಗೆ ಬರಲು ಮಳೆಗಾಲದಲ್ಲಿ ಹಳ್ಳ ದಾಟಬೇಕು. ಅಲ್ಲಿಯ ಬಸುರಿಗೆ ಜ್ವರದ ಮೊದಲ ದಿನವೇ ರಕ್ತಪರೀಕ್ಷೆ ಆಗಬೇಕಾದರೆ ಪರೀಕ್ಷೆಯ ಪಟ್ಟಿ ಕೇರಿಯಲ್ಲೇ ಇರಬೇಕು.

ತೀರದ ಪ್ರಶ್ನೆಗಳು

ವಿಜ್ಞಾನದ ಕಡೆಯಿಂದ ಮೊದಲ ಪ್ರಶ್ನೆ ಸೊಳ್ಳೆಯದೇ. ಫ್ಲೂವಿಯಾಟಿಲಿಸ್ ಒಂದೇ ಜಾತಿಯಲ್ಲ, ಕಣ್ಣಿಗೆ ಒಂದೇ ತೆರನಾಗಿ ಕಾಣುವ ಸೋದರ ಜಾತಿಗಳ ಗುಂಪು ಎಂದು ಭಾರತದ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿ ಎಸ್, ಟಿ, ಯು ಎಂದು ಹೆಸರಿಟ್ಟರು. ಎಸ್ ಮನುಷ್ಯನ ರಕ್ತ ಬಯಸುತ್ತದೆ, ಮಲೇರಿಯಾ ಹರಡುತ್ತದೆ. ಉಳಿದೆರಡು ದನದ ಕೊಟ್ಟಿಗೆ ಬಿಟ್ಟು ಬರುವುದು ಕಡಿಮೆ. ಡಿಡಿಟಿ ಮನೆಯೊಳಗೆ ಕೂರುವ ಎಸ್ ಅನ್ನು ಮಾತ್ರ ಅಳಿಸಿ, ಕೊಟ್ಟಿಗೆಯ ಸೋದರರನ್ನು ಉಳಿಸಿತೇ? ಹಾಗಿದ್ದರೆ ನಮ್ಮ ಕಣಿವೆಗಳ ಇಂದಿನ ನೆಮ್ಮದಿ ಗಟ್ಟಿ. ಇಲ್ಲದಿದ್ದರೆ ಅದು ಸಾಲದ ನೆಮ್ಮದಿ. ಹಳ್ಳಿಗಳಲ್ಲಿ ದನಗಳು ಕಡಿಮೆಯಾಗಿ ಕೊಟ್ಟಿಗೆಗಳು ಬರಿದಾಗುತ್ತಿರುವಾಗ ಕೊಟ್ಟಿಗೆಯ ಸೊಳ್ಳೆ ಎಲ್ಲಿಗೆ ಹೋಗುತ್ತದೆ ಎಂಬುದೂ ಇದರ ಜೊತೆಯ ಪ್ರಶ್ನೆ.

ಎರಡನೆಯದು, ರೋಗ ಎಷ್ಟು ಇಳಿದ ಮೇಲೆ ಬಸುರಿಯರಿಗೆ ಪರದೆ ಹಂಚುವುದನ್ನು ನಿಲ್ಲಿಸಬಹುದು ಎಂಬುದು. ಸರಬರಾಜಿನ ಲೆಕ್ಕ ಒಂದು ಉತ್ತರ ಕೊಡುತ್ತದೆ, 1976ರ ನೆನಪು ಇನ್ನೊಂದು. ಮೂರನೆಯದು ಬಾಣಂತಿಯದು. ಬಸುರಿನಲ್ಲಿ ವೈವಾಕ್ಸ್ ಬಂದವಳಿಗೆ ಪ್ರೈಮಾಕ್ವಿನ್ ಕೊಡಬೇಕಾದ ಹೊತ್ತು ಹೆರಿಗೆಯ ನಂತರ. ಆಗ ಅವಳು ಎಳೆಗೂಸಿಗೆ ಹಾಲೂಡುತ್ತಿರುತ್ತಾಳೆ, ಎಳೆಗೂಸಿನ ತಾಯಿಗೆ ಆ ಮಾತ್ರೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಅವಳು ತವರಿನಿಂದ ಅತ್ತೆಮನೆಗೆ ಮರಳಿರುತ್ತಾಳೆ. ಬಾಕಿಯಿರುವ ಆ ಹದಿನಾಲ್ಕು ದಿನದ ಮದ್ದನ್ನು ನೆನಪಿಟ್ಟು ಕೊಡಬೇಕಾದವರು ಯಾರು, ತವರಿನ ಆಶಾ ಕಾರ್ಯಕರ್ತೆಯೇ, ಅತ್ತೆಮನೆಯವಳೇ?

ಮತ್ತೆ ಆ ಚಪ್ಪರದ ದೀಪ. ಮುಸ್ಸಂಜೆಯಿಂದ ಮಲಗುವವರೆಗಿನ ಗಂಟೆಗಳಿಗೆ ಯಾವ ಪಂಥದ ಬಳಿಯೂ ಗಟ್ಟಿ ಉತ್ತರವಿಲ್ಲ. ಮೈಗೆ ಹಚ್ಚುವ ಮುಲಾಮು, ಮದ್ದು ಅದ್ದಿದ ಹೊದಿಕೆ, ಚಪ್ಪರದ ಸುತ್ತ ಇಳಿಬಿಟ್ಟ ಬಲೆ, ಎಲ್ಲವನ್ನೂ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಬಸುರಿಯರ ಮಟ್ಟಿಗೆ ಪರದೆಗಿರುವಷ್ಟು ಸಾಕ್ಷ್ಯ ಯಾವುದಕ್ಕೂ ಸಿಕ್ಕಿಲ್ಲ. ಕೊಯ್ಲಿನ ಎರಡು-ಮೂರು ತಿಂಗಳು ಬಸುರಿಯರಿಗೆ ಹಗಲು ಹೊತ್ತಿನಲ್ಲೇ ಸುಲಿಯುವ ಕೆಲಸ ಕೊಟ್ಟು ಸಂಜೆ ಮನೆಗೆ ಕಳಿಸಿದರೆ ಕೂಲಿ ಎಷ್ಟು ತಪ್ಪುತ್ತದೆ, ಅದನ್ನು ಯಾರು ತುಂಬಿಕೊಡುತ್ತಾರೆ ಎಂಬುದು ಸೊಳ್ಳೆಯ ಶಾಸ್ತ್ರದ ಪ್ರಶ್ನೆಯಲ್ಲ. ಆದರೆ ಇಷ್ಟೂ ವಾದಗಳನ್ನು ಸುತ್ತಿ ಬಂದ ಮೇಲೆ ನಾನು ಮೊದಲು ಉತ್ತರ ಬಯಸುವುದು ಅದಕ್ಕೇ.